ಕುಂಡದಲ್ಲಿ ಬೀಜ ಮೊಳೆಯಿತು, ಹಣ್ಣು ಬಿಡುತ್ತದೆಯೇ?

ಬಾಣಾವರ, ಅರಸೀಕೆರೆ ಕಡೆಯ ತೋಟದ ಮನೆಗಳಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕುವುದು ಎಲ್ಲರಿಗೂ ಗೊತ್ತು. ಹತ್ತು-ಹನ್ನೆರಡು ತಿಂಗಳು ಅಲ್ಲೇ ಬಿದ್ದಿದ್ದರೆ ಒಳಗಿನ ನೀರು ಆರಿ ಉಂಡೆ ಕೊಬ್ಬರಿಯಾಗುತ್ತದೆ. ಹಾಗೆ ಹಾಕಿದ ಕಾಯಿಗಳಲ್ಲಿ ಒಂದೆರಡು ಅಲ್ಲೇ ಮೊಳೆತುಬಿಡುವುದೂ ಉಂಟು. ಅಟ್ಟದಲ್ಲಿ ಮಣ್ಣಿಲ್ಲ, ನೀರು ಹಾಕಿದವರಿಲ್ಲ, ಬಿಸಿಲಂತೂ ಇಲ್ಲವೇ ಇಲ್ಲ. ಮತ್ತೆ ಮೊಳಕೆ ಬಂದದ್ದು ಹೇಗೆ? ಕಾಯಿಯ ನೀರು, ತಿರುಳುಗಳೇ ಅದಕ್ಕೆ ಬುತ್ತಿ. ಮೊಳೆತ ಕಾಯಿ ಒಡೆದರೆ ಒಳಗೆ ಮೆತ್ತನೆಯ ಬಿಳಿ ಉಂಡೆ ಸಿಗುತ್ತದಲ್ಲ, ಮಕ್ಕಳು ಮುಗಿಬಿದ್ದು ತಿನ್ನುತ್ತಾರೆ, ಆ ಬುತ್ತಿಯನ್ನು ಹೀರಿ ಮೊಳಕೆಗೆ ಉಣಿಸುವುದು ಅದೇ.

ಅದೇ ಊರಿನಿಂದ ಬೆಂಗಳೂರಿಗೆ ಹೋದ ಮಾವು, ಹಲಸು ತಿಂದಾದ ಮೇಲೆ ಬೀಜ ಬಿಸಾಡಲು ಮನಸ್ಸು ಬಾರದೆ ಅಪಾರ್ಟ್‌ಮೆಂಟಿನ ಕಿಟಕಿಯ ಪಕ್ಕದ ಕುಂಡಕ್ಕೆ ಊರುತ್ತೇವೆ. ಎರಡು-ಮೂರು ವಾರದಲ್ಲಿ ಮೊಳಕೆ ಬರುತ್ತದೆ, ಕೆಂಪು ಚಿಗುರು ಬಿಡುತ್ತದೆ. ಮನೆಯವರಿಗೆಲ್ಲ ಸಂಭ್ರಮ. ಆಮೇಲೆ ಗಿಡ ನಿಂತಲ್ಲೇ ನಿಲ್ಲುತ್ತದೆ, ಕಾಂಡ ಸಣಕಲಾಗಿ ಕಿಟಕಿಯ ಕಡೆಗೆ ಬಾಗುತ್ತದೆ, ಎಲೆ ಉದುರುತ್ತದೆ. ‘ಕೈಗುಣ ಚೆನ್ನಾಗಿಲ್ಲ’ ಎಂದು ಯಾರೋ ಹೇಳುತ್ತಾರೆ.

ಕೈಗುಣದ ತಪ್ಪು ಇದರಲ್ಲೇನೂ ಇಲ್ಲ. ಆ ಮೊದಲ ಚಿಗುರು ಬೀಜದ ಬುತ್ತಿಯಲ್ಲಿ ಬಂದದ್ದು. ಬುತ್ತಿ ಖಾಲಿಯಾದ ಮೇಲೆ ಗಿಡ ತನ್ನ ಅಡುಗೆಯನ್ನು ಬೆಳಕಿನಿಂದ ತಾನೇ ಮಾಡಿಕೊಳ್ಳಬೇಕು. ನಡುಮಧ್ಯಾಹ್ನ ಬಯಲಿನ ಬಿಸಿಲು ಸುಮಾರು 1,00,000 ಲಕ್ಸ್. ಕಿಟಕಿಯಿಂದ ಆರೇಳು ಅಡಿ ಒಳಗೆ, ನಮಗೆ ‘ಒಳ್ಳೇ ಬೆಳಕಿದೆ’ ಅನ್ನಿಸುವ ಮೂಲೆಯಲ್ಲಿ, ಕೆಲವು ನೂರು ಲಕ್ಸ್ ಸಿಕ್ಕರೆ ಹೆಚ್ಚು. ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ. ಗಿಡಕ್ಕೆ ಗೊತ್ತಾಗುತ್ತದೆ. ಮಧ್ಯಾಹ್ನ ಬಿಳಿ ಹಾಳೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿದು ನೋಡಿ: ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಅಲ್ಲಿ ಹೂವು ಹಣ್ಣಿನ ಗಿಡ ಇಡುವ ಯೋಚನೆ ಮಾಡಬಹುದು. ಮಸುಕಾಗಿ ಬಿದ್ದರೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ಗಳಂಥ ನೆರಳು ತಾಳುವ ಗಿಡಗಳೇ ಸೈ.

ಬಾಲ್ಕನಿಗೆ ಐದಾರು ಗಂಟೆ ನೇರ ಬಿಸಿಲು ಬರುತ್ತದೆ ಅಂತಿಟ್ಟುಕೊಳ್ಳಿ. ಆಗಲಾದರೂ ನಾವು ತಿಂದ ರಸಪುರಿಯೇ ಆ ಗಿಡದಲ್ಲಿ ಬಿಟ್ಟೀತೇ? ಸಾಧ್ಯತೆ ಬಹಳ ಕಡಿಮೆ. ರಸಪುರಿ, ಬಾದಾಮಿಯಂಥ ನಮ್ಮ ಹೆಚ್ಚಿನ ತಳಿಗಳ ವಾಟೆಯಲ್ಲಿ ಇರುವುದು ಒಂದೇ ಭ್ರೂಣ. ಅದು ತಾಯಿಮರದ ಹೂವಿಗೆ ಬೇರೆ ಯಾವುದೋ ಮರದ ಪರಾಗ ಸೇರಿ ಆದ ಕೂಸು. ಮಗು ತಾಯಿಯ ಅಚ್ಚಾಗಿರಬೇಕೆಂದೇನಿಲ್ಲವಲ್ಲ! ನಿಂಬೆಯ ಕಥೆ ಬೇರೆ. ಅದರ ಒಂದೇ ಬೀಜದಿಂದ ಎರಡು-ಮೂರು ಸಸಿ ಬರುವುದನ್ನು ನೀವೂ ನೋಡಿರಬಹುದು. ಅವುಗಳಲ್ಲಿ ಕೆಲವು ಪರಾಗದ ಸಂಬಂಧವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ಹಾಗಾಗಿ ತಾಯಿಯ ಪಡಿಯಚ್ಚು.

ಬಾಣಾವರಕ್ಕೆ ದೂರವೇನಲ್ಲದ ತುಮಕೂರು ಜಿಲ್ಲೆಯ ಚೇಳೂರಿನ ‘ಸಿದ್ದು’ ಹಲಸನ್ನೇ ನೋಡಿ. ತಾಮ್ರಗೆಂಪು ತೊಳೆಯ ಆ ಹಲಸಿಗೆ ಹೆಸರು ಬಂದದ್ದು ಮರ ನೆಟ್ಟ ರೈತನಿಂದ. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ಕುಟುಂಬದೊಂದಿಗೆ ಒಪ್ಪಂದ ಮಾಡಿಕೊಂಡು ಗಿಡಗಳನ್ನು ಹಂಚಲು ಮುಂದಾಯಿತು. ಹಂಚುವುದು ಬೀಜವನ್ನಲ್ಲ, ಕಸಿ ಗಿಡವನ್ನು. ಬೀಜ ನೆಟ್ಟರೆ ಅದೇ ಕೆಂಪು ತೊಳೆ ಬರುವ ಭರವಸೆ ಇಲ್ಲ.

ಕಸಿಯಲ್ಲಿ ಇನ್ನೊಂದು ಲಾಭವಿದೆ. ಬೀಜದಿಂದ ಬಂದ ಗಿಡಕ್ಕೆ ಬಾಲ್ಯ ಎಂಬುದೊಂದಿರುತ್ತದೆ, ಅದು ಕಳೆಯುವವರೆಗೆ ಎಷ್ಟೇ ಗೊಬ್ಬರ ಹಾಕಿದರೂ ಹೂ ಬಿಡುವುದಿಲ್ಲ. ಮಾವಿಗೆ ನೆಲದಲ್ಲೇ ಐದರಿಂದ ಎಂಟು ವರ್ಷ ಬೇಕು. ಕಸಿಗೆ ಕಟ್ಟುವ ಕಡ್ಡಿ ದೊಡ್ಡ ಮರದ್ದು, ಅದರ ಬಾಲ್ಯ ಆಗಲೇ ಮುಗಿದಿರುತ್ತದೆ. ಹಾಗಾಗಿ ಬಿಸಿಲಿರುವ ಬಾಲ್ಕನಿಗೆ ನರ್ಸರಿಯ ಕಸಿ ನಿಂಬೆ ತಂದರೆ ಹಣ್ಣು ಕಾಣಬಹುದು. ಬೀಜದಿಂದಲೇ ಆಗಬೇಕು ಎನ್ನುವವರಿಗೆ ಪಪ್ಪಾಯಿ ಇದೆ: ತಾರಸಿಯಲ್ಲಿ ದೊಡ್ಡ ಡ್ರಮ್ ಇದ್ದರೆ ವರ್ಷದೊಳಗೆ ಕಾಯಿ ಕಟ್ಟೀತು. ಬೀಜದ ಮೇಲಿನ ಲೋಳೆ ಮೊಳಕೆಯನ್ನು ತಡೆಯುತ್ತದೆ, ಬೂದಿಯಲ್ಲಿ ಉಜ್ಜಿ ತೆಗೆಯಿರಿ. ಹಲವು ತಳಿಗಳಲ್ಲಿ ಗಂಡು ಗಿಡಗಳೂ ಬರುತ್ತವೆ, ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ. ಆದ್ದರಿಂದ ಒಂದೇ ಸಸಿ ನಂಬಿ ಕೂರಬೇಡಿ.

ಇನ್ನು ಎರಡು ನಂಬಿಕೆಗಳು. ಮಲಗುವ ಕೋಣೆಯಲ್ಲಿ ಗಿಡವಿಟ್ಟರೆ ರಾತ್ರಿ ಉಸಿರು ಕಟ್ಟುತ್ತದೆ ಎನ್ನುವುದು ಒಂದು. ಗಿಡ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುವುದು ನಿಜ, ಆದರೆ ಪಕ್ಕದಲ್ಲಿ ಮಲಗಿದ ಮನುಷ್ಯ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಿಡುತ್ತಾನೆ. ಗಿಡ ಮನೆಯ ಗಾಳಿ ಶುದ್ಧ ಮಾಡುತ್ತದೆ ಎನ್ನುವುದು ಇನ್ನೊಂದು. ಇದಕ್ಕೆ ಆಧಾರವಾಗಿ ಹೇಳುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. 2019ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದಾಗ, ಸಾಮಾನ್ಯ ಗಾಳಿಯಾಟದಷ್ಟು ಕೆಲಸವಾಗಲು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕೆಂದು ಬಂತು. ಕಿಟಕಿ ತೆಗೆಯುವುದು ಸುಲಭ.

ನಿಜವಾಗಿ ಹುಷಾರಾಗಿರಬೇಕಾದದ್ದು ಕುಂಡದ ಕೆಳಗಿನ ತಟ್ಟೆಯ ಬಗ್ಗೆ. ಮಂದ ಬೆಳಕಿನ ಗಿಡ ನೀರು ಕುಡಿಯುವುದೇ ಕಡಿಮೆ. ದಿನಾ ಹಾಕಿದ ನೀರು ಬೇರು ಕೊಳೆಸಿ ತಟ್ಟೆಯಲ್ಲಿ ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ವಾರಕ್ಕೊಮ್ಮೆ ತಟ್ಟೆ ಚೆಲ್ಲಿ ಉಜ್ಜಿ ತೊಳೆಯಿರಿ, ಮೊಟ್ಟೆ ಅಂಚಿಗೆ ಅಂಟಿರುತ್ತದೆ. ಮನಿ ಪ್ಲಾಂಟಿನ ಬಾಟಲಿಯ ನೀರನ್ನೂ ಬದಲಿಸಿ. ಅದರ ಎಲೆ ಮಕ್ಕಳ ಬಾಯಿಗೆ ಹೋಗದಂತೆಯೂ ನೋಡಿಕೊಳ್ಳಿ: ಎಲೆಯಲ್ಲಿರುವ ಸೂಜಿಯಂಥ ಹರಳುಗಳು ಬಾಯಿ, ಗಂಟಲಿಗೆ ಉರಿ ತರುತ್ತವೆ.

ಹಾಗಾದರೆ ಮೊಳೆತ ಮಾವು, ಹಲಸನ್ನು ಏನು ಮಾಡೋಣ? ಊರಲ್ಲಿ ಜಾಗವಿದ್ದರೆ ವಾಪಸು ಒಯ್ಯೋಣ. ಒಳಗೆ ಬೆಳೆದ ಸಸಿಯನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಎಂಟು-ಹತ್ತು ದಿನ ಮರದ ನೆರಳಲ್ಲಿಟ್ಟು, ದಿನಕ್ಕೊಂದಿಷ್ಟು ಬಿಸಿಲು ರೂಢಿ ಮಾಡಿಸಿ, ಮಳೆ ಹಿಡಿದ ಮೇಲೆ ನೆಲಕ್ಕೆ ನೆಡಬೇಕು. ಮುಂದೆ ಅದಕ್ಕೆ ಬೇಕಾದ ತಳಿಯ ಕಡ್ಡಿ ಕಸಿ ಕಟ್ಟಿಸಲೂಬಹುದು.