ಮೂರು ಸೆಕೆಂಡ್ ಮೌನ ಕಟ್ ಮಾಡಿದ್ರೆ ಏನಾಗುತ್ತೆ?

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇವತ್ತು ಆಡಿಯೋ ಡಾಕ್ಯುಮೆಂಟರಿ ಬಗ್ಗೆ ಮಾತು. ಒಂದು ಹಳೇ ರೈಲು ಅಪಘಾತದಿಂದ ಶುರು ಮಾಡ್ತೀನಿ.

1957ರ ಫೆಬ್ರುವರಿ 9, ಇಂಗ್ಲೆಂಡಿನ ಡರ್ಬಿಶೈರ್. ಗೂಡ್ಸ್ ರೈಲೊಂದರ ಎಂಜಿನ್‌ನಲ್ಲಿ ಹಬೆ ಪೈಪ್ ಒಡೆದು, ಬ್ರೇಕ್ ಕೈಕೊಡ್ತು. ಡ್ರೈವರ್ ಜಾನ್ ಆ್ಯಕ್ಸನ್ ಜೊತೆಗಿದ್ದ ಫೈರ್‌ಮನ್‌ಗೆ ಹಾರಿಕೊಳ್ಳಲು ಹೇಳಿದರು, ತಾವು ಮಾತ್ರ ಆ ಸುಡುವ ಹಬೆಯಲ್ಲೂ ಎಂಜಿನ್ ಬಿಡಲಿಲ್ಲ. ಇಳಿಜಾರಿನಲ್ಲಿ ನುಗ್ಗಿದ ರೈಲು ಮುಂದಿದ್ದ ಇನ್ನೊಂದು ಗೂಡ್ಸ್‌ಗೆ ಗುದ್ದಿತು. ಆ್ಯಕ್ಸನ್ ತೀರಿಕೊಂಡರು.

ಈ ಕಥೆಯನ್ನ ರೇಡಿಯೋಗೆ ತರಲು ಹೊರಟವರು ಬಿಬಿಸಿಯ ಚಾರ್ಲ್ಸ್ ಪಾರ್ಕರ್ ಮತ್ತು ಹಾಡುಗಾರ ಯೂವನ್ ಮೆಕಾಲ್. ಆಗಿನ ರೂಢಿ ಏನಂದ್ರೆ, ಕೆಲಸಗಾರರ ಮಾತು ಕೇಳಿ ಸ್ಕ್ರಿಪ್ಟ್ ಬರೆಯೋದು, ಸ್ಟುಡಿಯೋದಲ್ಲಿ ನಟರಿಂದ ಓದಿಸೋದು. ಇವರು ರೈಲ್ವೆಯವರನ್ನ ಮಾತಾಡಿಸಿದ ಟೇಪ್ ಹಾಕಿ ಕೇಳಿದರು. ಯಾವ ನಟನೂ ಹೀಗೆ ಹೇಳೋಕಾಗಲ್ಲ ಅನ್ನಿಸಿ, ಆ ದನಿಗಳನ್ನೇ ಉಳಿಸಿಕೊಂಡರು. ನಿರೂಪಕನೇ ಇಲ್ಲ. ಕಥೆ ಮುಂದೆ ಹೋಗೋದು ಹಾಡಿನಿಂದ. 1958ರ ಜುಲೈನಲ್ಲಿ 'ದ ಬ್ಯಾಲಡ್ ಆಫ್ ಜಾನ್ ಆ್ಯಕ್ಸನ್' ಪ್ರಸಾರವಾಯ್ತು. (ಬಿಕಾಂ ಓದಿದ ನನಗೆ ಮೊದಲು ಕಾಣಿಸೋದು ಲೆಕ್ಕ: ರೆಕಾರ್ಡ್ ಆಗಿದ್ದು 40 ಗಂಟೆಗೂ ಹೆಚ್ಚು, ಕೇಳಿಸಿದ್ದು ಸುಮಾರು ಒಂದು ಗಂಟೆ.)

ನಾವು ಕನ್ನಡ ಪಾಡ್‌ಕಾಸ್ಟ್‌ನವರು ಇದಕ್ಕೆ ಉಲ್ಟಾ ಹೋಗ್ತಿದ್ದೀವಿ ಅಂತ ನನ್ನ ತಕರಾರು. ಕುಂದಾಪುರದ ಅಜ್ಜಿಯ ಮಾತು ರೆಕಾರ್ಡ್ ಮಾಡ್ತೀವಿ. ಆಮೇಲೆ 'ಎಲ್ಲರಿಗೂ ಅರ್ಥ ಆಗ್ಲಿ' ಅಂತ ಅದನ್ನ ಬೆಂಗಳೂರು ಕನ್ನಡದಲ್ಲಿ ನಾವೇ ಹೇಳಿಬಿಡ್ತೀವಿ. ಮುಂಚೆ ಒಂದು ಸಾಲು ಸಂದರ್ಭ ಹೇಳಿ ಅಜ್ಜಿಯನ್ನ ಮಾತಾಡೋಕೆ ಬಿಟ್ರೆ ಸಾಕು. ಒಂದೆರಡು ಪದ ತಿಳಿಯದಿದ್ರೂ ಕೇಳುಗರು ಓಡಿಹೋಗಲ್ಲ.

ಇನ್ನು ಎಡಿಟಿಂಗ್. ಮಾತುಕತೆ ಮುಗಿದ ಮೇಲೆ ಅದೇ ಕೋಣೆಯಲ್ಲಿ ಎಲ್ಲರೂ ಸುಮ್ಮನಿದ್ದು ಅರ್ಧ ನಿಮಿಷ ರೆಕಾರ್ಡ್ ಮಾಡ್ಕೋಬೇಕು. ಫ್ಯಾನ್, ಬೀದಿ, ಹಕ್ಕಿ, ಏನಿದೆಯೋ ಅದು. ಕಟ್ ಮಾಡಿದ ಜಾಗಕ್ಕೆ ಅದನ್ನ ತುಂಬದಿದ್ರೆ ಹಿನ್ನೆಲೆ ತಟ್ಟನೆ ಸತ್ತುಹೋಗುತ್ತೆ. ಕಿವಿ ಅದನ್ನ ಹಿಡಿದುಬಿಡುತ್ತೆ.

ಆದ್ರೆ ಕೆಲವು ಮೌನಗಳನ್ನ ಮುಟ್ಟಲೇಬಾರದು. 'ಗಂಡನ ಮನೇಲಿ ಹೇಗಿತ್ತಮ್ಮ?' ಅಂತ ಕೇಳಿದ್ರಿ ಅಂದ್ಕೊಳ್ಳಿ. ಮೂರು ಸೆಕೆಂಡ್ ಏನೂ ಇಲ್ಲ. ಆಮೇಲೆ, 'ಚೆನ್ನಾಗಿತ್ತು.' ಆ ಮೂರು ಸೆಕೆಂಡ್ ತೆಗೆದ್ರೆ ಆಕೆ ಹೇಳದೇ ಇದ್ದದ್ದನ್ನ ಆಕೆಯ ಬಾಯಲ್ಲಿ ಹೇಳಿಸಿದ ಹಾಗೆ. ಪದ ಒಂದೂ ಬದಲಾಗಿಲ್ಲ, ಆದ್ರೂ ಅದು ಸುಳ್ಳು.

ಅಂದಹಾಗೆ, ಮೌನ ಬಂದಾಗ ತಾನೇ ಹಾರಿಸಿಬಿಡುವ ಆಯ್ಕೆ ಕೆಲವು ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿದೆ. ನಿಮ್ಮ ಫೋನ್‌ನಲ್ಲಿ ಆನ್ ಆಗಿದೆಯಾ ನೋಡಿ. ನ್ಯೂಸ್‌ಗೆ ಇರ್ಲಿ, ಡಾಕ್ಯುಮೆಂಟರಿ ಕೇಳುವಾಗ ಆಫ್ ಮಾಡಿ.