ಮಾಗಿಯ ಕಾಲದಲ್ಲಿ ಹೊಳೆಯ ನೀರನ್ನು ಅಳೆಯುವ ಕ್ರಮ
(ವೃಷಭಾವತಿ ಹೊಳೆಯ ನಿದರ್ಶನ)

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಮೊದಲಾದ ಬಡಾವಣೆಗಳ ನೀರಿನ ಬಹುಭಾಗವು ವೃಷಭಾವತಿಗೆ ಇಳಿಯುವುದು. ಈ ಹೊಳೆಯು ಕೆಂಗೇರಿಯನ್ನು ದಾಟಿ ಬೈರಮಂಗಲದ ಜಲಾಶಯವನ್ನು ತುಂಬಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುವುದು. ಜಲಾಶಯದ ಕೆಳಗಿನ ಬೇಸಾಯಗಾರರಿಗೆ ಎಷ್ಟು ನೀರು ಬರುವುದು, ಅದು ಎಂತಹ ನೀರು ಎಂಬ ಎರಡು ಪ್ರಶ್ನೆಗಳಿಗೂ ಅಳತೆಯಿಲ್ಲದೆ ಉತ್ತರವಿಲ್ಲ.

ಅಳತೆಗೆ ಮಾಗಿಯೇ ತಕ್ಕ ಕಾಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಈ ಸೀಮೆಯಲ್ಲಿ ಮಳೆಯು ಅತ್ಯಲ್ಪ. ಆಗ ಇತರ ಹೊಳೆಗಳಲ್ಲಿ ಹರಿಯುವುದು ಭೂಮಿಯಿಂದ ಒಸರುವ ನೀರು. ವೃಷಭಾವತಿಯಲ್ಲಿಯಾದರೋ ಬಹುಮಟ್ಟಿಗೆ ನಗರವು ಬಳಸಿ ಬಿಟ್ಟ ನೀರು. ನಗರದ ಬಳಕೆಯಂತೆ ಇದು ಒಂದೇ ದಿನದಲ್ಲಿ ಏರಿ ಇಳಿಯುವುದರಿಂದ, ಒಂದು ಹೊತ್ತಿನ ಅಳತೆಯನ್ನು ನಂಬಲಾಗದು. ಹಗಲು ರಾತ್ರಿಗಳೆರಡರಲ್ಲಿಯೂ ಹಲವು ಬಾರಿ ಅಳೆದು ಸರಾಸರಿಯನ್ನು ತೆಗೆಯಬೇಕು.

ಸ್ಥಳವು ನೇರವಾಗಿಯೂ ಸುಳಿಗಳಿಲ್ಲದೆಯೂ ಇರತಕ್ಕದ್ದು. ಹೊಳೆಯ ಅಗಲವನ್ನು ಹಲವು ಪಾಲುಗಳನ್ನಾಗಿ ವಿಭಾಗಿಸಿ, ಪ್ರತಿ ಪಾಲಿನ ಆಳವನ್ನೂ ವೇಗವನ್ನೂ ಅಳೆಯುವರು. ಪಾಲಿನ ಕ್ಷೇತ್ರಫಲವನ್ನು ವೇಗದಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ ಒಟ್ಟು ಪ್ರವಾಹವು ದೊರೆಯುವುದು. ಪ್ರವಾಹಮಾಪಕ ಯಂತ್ರವನ್ನು ಆಳವು ಕಡಮೆಯಿದ್ದಲ್ಲಿ ಮೇಲಿನಿಂದ ಹತ್ತರಲ್ಲಿ ೬ ಪಾಲಿನ ಆಳದಲ್ಲಿಯೂ, ಹೆಚ್ಚಿದ್ದಲ್ಲಿ ೨ ಮತ್ತು ೮ ಪಾಲಿನ ಆಳಗಳಲ್ಲಿಯೂ ಹಿಡಿಯುವುದು ವಾಡಿಕೆ.

ಯಂತ್ರವಿಲ್ಲದಿದ್ದರೆ ತೇಲುವ ವಸ್ತುವೊಂದು ಸಾಕು. ೧೦೦ ಅಡಿ ದೂರವನ್ನು ಗುರುತಿಸಿ, ಕಿತ್ತಳೆ ಹಣ್ಣೊಂದನ್ನು ತೇಲಬಿಟ್ಟು ಅದು ದಾಟುವ ಹೊತ್ತನ್ನು ನೋಡಬೇಕು. ನೊರೆಯನ್ನು ನೋಡಿ ವೇಗವನ್ನು ಎಣಿಸಬಾರದು. ಅದನ್ನು ಗಾಳಿಯು ತಳ್ಳುವುದು. ಉದಾಹರಣೆಗೆ, ಅಗಲ ೨೦ ಅಡಿ, ಸರಾಸರಿ ಆಳ ೧½ ಅಡಿಯಾದರೆ ಕ್ಷೇತ್ರಫಲ ೩೦ ಚದರಡಿ. ಹಣ್ಣು ೫೦ ಸೆಕೆಂಡುಗಳಲ್ಲಿ ದಾಟಿದರೆ ಮೇಲ್ಮೈಯ ವೇಗ ಸೆಕೆಂಡಿಗೆ ೨ ಅಡಿ. ತಳದ ನೀರು ನಿಧಾನವಾದುದರಿಂದ ಇದನ್ನು ೦.೮೫ರಿಂದ ಗುಣಿಸಿದರೆ ೧.೭ ಅಡಿಯಾಗುವುದು. ಪ್ರವಾಹವು ೫೧ ಘನ ಅಡಿ, ಎಂದರೆ ೫೧ ಕ್ಯೂಸೆಕ್. ಸೆಕೆಂಡಿಗೆ ಸುಮಾರು ೧,೪೪೦ ಲೀಟರು. ಒಂದು ಕ್ಯೂಸೆಕ್ ದಿನವಿಡೀ ಹರಿದರೆ ಒಂದು ಎಕರೆಯಲ್ಲಿ ಸುಮಾರು ೨ ಅಡಿ ನೀರು ನಿಲ್ಲುವುದು.

ಪ್ರತಿದಿನವೂ ಇಷ್ಟು ಶ್ರಮಪಡಬೇಕಾಗಿಲ್ಲ. ಹಲವು ಮಟ್ಟಗಳಲ್ಲಿ ಅಳೆದು, ಇಂತಹ ಮಟ್ಟಕ್ಕೆ ಇಂತಿಷ್ಟು ಪ್ರವಾಹವೆಂದು ರೇಖೆಯೊಂದನ್ನು ಎಳೆದಿಟ್ಟರೆ, ಮುಂದೆ ಮಟ್ಟಗೋಲನ್ನು ಓದಿದರೆ ಸಾಕು. ಆದರೆ ಎಚ್ಚರವಿರಬೇಕು. ಶೀತದೇಶಗಳಲ್ಲಿ ಹಿಮಗಟ್ಟಿ ಪ್ರವಾಹ ಹೆಚ್ಚದೆಯೂ ಮಟ್ಟವೇರುವುದು. ಇಲ್ಲಿ ಜಲಕಳೆಯೂ ಕಸವೂ ಅದೇ ಮೋಸವನ್ನು ಮಾಡುವುವು. ಕಳೆಯನ್ನು ತೆಗೆಸಿ, ರೇಖೆಯನ್ನು ಮರಳಿ ಪರೀಕ್ಷಿಸಬೇಕು.

ಕೇಂದ್ರ ಜಲ ಆಯೋಗವು ಅರ್ಕಾವತಿಯನ್ನು ಟಿ. ಬೆಕುಪ್ಪೆಯಲ್ಲಿಯೂ, ಕಾವೇರಿಯನ್ನು ಬಿಳಿಗುಂಡ್ಲುವಿನಲ್ಲಿಯೂ ಅಳೆಯುವುದು. ೨೦೧೮ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದ ೧೭೭.೨೫ ಟಿ.ಎಂ.ಸಿ. ನೀರಿನ ಲೆಕ್ಕವು ಬಿಳಿಗುಂಡ್ಲುವಿನದೇ.

ಕೊಳೆಯ ಲೆಕ್ಕಕ್ಕೂ ಪ್ರವಾಹವೇ ಆಧಾರ. ಲೀಟರಿಗೆ ೧೦ ಮಿಲಿಗ್ರಾಂ ಕೊಳೆಯಿದ್ದರೆ ಅಲ್ಪವೆಂದು ತೋರಬಹುದು; ಮೇಲಿನ ೫೧ ಕ್ಯೂಸೆಕ್‌ನಲ್ಲಿ ಅದು ದಿನಕ್ಕೆ ಸುಮಾರು ೧,೨೫೦ ಕಿಲೋಗ್ರಾಂ ಆಗುವುದು. ಮಾಗಿಯಲ್ಲಿ ಮಳೆನೀರು ಬೆರೆಯದುದರಿಂದ ಕೊಳೆಯು ಮತ್ತಷ್ಟು ಗಾಢವಾಗಿರುವುದು. ಆದುದರಿಂದ ಈ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಹಾಯಿಸಬಾರದು. ಅಳೆಯುವವರೂ ಹೊಳೆಗಿಳಿಯದೆ ಸೇತುವೆಯ ಮೇಲಿನಿಂದಲೇ ಅಳೆದು, ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು. ತಾರೀಖು, ಹೊತ್ತು, ಮಟ್ಟ, ಪ್ರವಾಹ ಈ ನಾಲ್ಕನ್ನೂ ತಪ್ಪದೆ ಬರೆದಿಟ್ಟರೆ, ಮುಂದಿನ ಬೆಳೆಗೆ ನೀರೆಷ್ಟು ದೊರೆಯುವುದೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ.