ಬೇಡ ಅನ್ನೋಕೆ ಆಗದಿದ್ದಾಗ

ಗಂಡಸು ಗಂಡಸಿನ ಜೊತೆ ಸೇರುವುದುಂಟು. ಈ ಮಾತು ಬಂದರೆ ಕೆಲವರು ಮುಖ ತಿರುಗಿಸುತ್ತಾರೆ. ಕೆಲವರು ಕಿಸಕ್ಕನೆ ನಗುತ್ತಾರೆ. ಇದು ಪಟ್ಟಣದ ಸುದ್ದಿ ಮಾತ್ರ ಅಲ್ಲ. ಹೊಂಗಡಹಳ್ಳದಂಥ ಊರುಗಳಲ್ಲೂ ಅಂಥವರು ಇರುತ್ತಾರೆ. ಯಾರದೋ ಮಗ, ಯಾರದೋ ತಮ್ಮ, ಯಾರದೋ ಗಂಡ. ಇದು ಕಾಯಿಲೆ ಅಲ್ಲ. ಅಪರಾಧವೂ ಅಲ್ಲ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಸೇರಿದರೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿದೆ.

ಒಪ್ಪಿ ಅಂದೆವಲ್ಲ, ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಕಡೆಯ ಹುಡುಗನೊಬ್ಬ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಅಂತ ಇಟ್ಟುಕೊಳ್ಳಿ. ಅವನಿಗೆ ಇಪ್ಪತ್ತು ವರ್ಷ. ಜೊತೆಗಾರನಿಗೆ ನಲವತ್ತು. ಇರುವ ಮನೆ ಅವನದು. ಕೆಲಸ ಕೊಡಿಸಿದವನೂ ಅವನೇ. ಹುಡುಗ ನಿರೋಧ್ ಹಾಕು ಅಂದರೆ, "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತಾನೆ. ಇಲ್ಲವೇ "ನಿಮ್ಮೂರಿಗೆ ತಿಳಿಸ್ತೀನಿ" ಅಂತ ಹೆದರಿಸುತ್ತಾನೆ. ಹುಡುಗ ಸುಮ್ಮನಾಗುತ್ತಾನೆ. ಇದು ಒಪ್ಪಿಗೆಯೇ?

ಅಕ್ಕಂದಿರೇ, ಕುಡಿದು ಬಂದ ಗಂಡನಿಗೆ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಅಲ್ಲಿ ನಡೆಯುವುದೂ ಅದೇ. ಗಂಡಸಾದ ಮಾತ್ರಕ್ಕೆ ಎಲ್ಲರ ಮಾತೂ ನಡೆಯುವುದಿಲ್ಲ. ಇವರೊಳಗೇ ಹೆಸರುಗಳಿವೆ. ಹೆಣ್ಣಿನ ಥರ ಇರುವವರು 'ಕೋತಿ', ಗಂಡಿನ ಥರ ಇರುವವನು 'ಪಂತಿ'. (ಮರ ಹತ್ತುವ ಕೋತಿಯಲ್ಲ, ಇದು ಬೇರೆ ಮಾತು.) ಕೋತಿ ಅನ್ನಿಸಿಕೊಂಡವರಿಗೆ ಪುಂಡರ ಕಾಟ, ಪೊಲೀಸರ ಭಯ ಬೇರೆ.

ಅಪಾಯ ಇಬ್ಬರಿಗೂ ಇದೆ. ಆದರೆ ಒಳಗೆ ಪಡೆಯುವವನಿಗೇ ಹೆಚ್ಚು. ಗುದದ್ವಾರದ ಒಳಚರ್ಮ ಬಹಳ ತೆಳು, ಬೇಗ ಗಾಯವಾಗುತ್ತದೆ. ಅಲ್ಲಿಂದ ಎಚ್.ಐ.ವಿ. ಸುಲಭವಾಗಿ ಒಳಗೆ ಹೋಗುತ್ತದೆ. ಸಿಫಿಲಿಸ್‌ನಂಥ ಗುಪ್ತರೋಗವೂ ಅಂಟುತ್ತದೆ. ಬಲವಂತ ನಡೆದರೆ ಗಾಯ ಇನ್ನೂ ಹೆಚ್ಚು. ನಿರೋಧ್ ಕಾಪಾಡುತ್ತದೆ. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಾರದು, ರಬ್ಬರ್ ಒಡೆಯುತ್ತದೆ. ನೀರಿನಂಶದ ಜೆಲ್ ಹಚ್ಚಬೇಕು.

ಇನ್ನು ಮದುವೆ. "ಹೆಂಡತಿ ಬಂದ್ರೆ ಸರಿಹೋಗ್ತಾನೆ" ಅಂತ ಮನೆಯವರು ಕಟ್ಟಿಹಾಕುತ್ತಾರೆ. ಸರಿಹೋಗುವುದಿಲ್ಲ, ಗುಟ್ಟು ಬೆಳೆಯುತ್ತದೆ ಅಷ್ಟೆ. ರೋಗ ಹೆಂಡತಿಗೂ ಬರಬಹುದು, ಅವಳಿಂದ ಮಗುವಿಗೂ. ಹೇಳದೆ ಕೇಳದೆ ಅವಳ ಬಾಳನ್ನು ಒತ್ತೆ ಇಟ್ಟಂತೆ.

ಎಚ್.ಐ.ವಿ. ಪರೀಕ್ಷೆ ಸರ್ಕಾರಿ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಉಚಿತ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅದಕ್ಕೇ ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಕೇಳದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ಬಿಟ್ಟುಕೊಡುವಂತಿಲ್ಲ ಎಂದು 2017ರ ಕಾನೂನು ಹೇಳುತ್ತದೆ. ಸರ್ಕಾರ 2004ರಿಂದ ಎ.ಆರ್.ಟಿ. ಮಾತ್ರೆ ಉಚಿತವಾಗಿ ಕೊಡುತ್ತಿದೆ. ಹಾಸನದ ದೊಡ್ಡಾಸ್ಪತ್ರೆಯಲ್ಲೂ ಸಿಗುತ್ತದೆ. ದಿನಾ ನುಂಗಿ, ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದರೆ, ಕೂಡುವುದರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ.

ಬಲವಂತ ಆಗಿದ್ದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಬೇಕು. ಆಗ ಶುರುಮಾಡಿದ ಮಾತ್ರೆಯನ್ನು 28 ದಿನ ನುಂಗಿದರೆ ಎಚ್.ಐ.ವಿ. ತಡೆಯಬಹುದು. ಹುಡುಗನಿಗೆ 18 ತುಂಬಿಲ್ಲದಿದ್ದರೆ 'ಅವನು ಒಪ್ಪಿದ್ದ' ಅನ್ನುವ ಮಾತು ನಡೆಯುವುದೇ ಇಲ್ಲ. 2012ರ ಪೋಕ್ಸೋ ಕಾನೂನು ಗಂಡುಮಕ್ಕಳಿಗೂ ಇದೆ.

ಬೆಂಗಳೂರಿನಲ್ಲಿ 1999ರಲ್ಲಿ ಶುರುವಾದ 'ಸಂಗಮ' ಇಂಥವರ ಪರವಾಗಿ ಕೆಲಸ ಮಾಡುತ್ತಾ ಬಂದಿದೆ. ಏಡ್ಸ್ ಸಹಾಯವಾಣಿ 1097. ಫೋನಿಗೆ ದುಡ್ಡು ಬೀಳುವುದಿಲ್ಲ. ಮಗನೂ ಮಾಡಬಹುದು, ತಾಯಿಯೂ ಮಾಡಬಹುದು.